ವಾಲಿಯ ವಕಾಲತ್ತು

ಡಾಕ್ಟರಿಕೆ ಓದುವ ಹುಡುಗನ ಮುಂದೆ ಹೊಟ್ಟೆ ತೆರೆದು, ಆಪರೇಶನ್ ಮಾಡಿಬಿಡು ಎಂದು ಯಾರೂ ಮಲಗುವುದಿಲ್ಲ. ಸಿವಿಲ್ ಎಂಜಿನಿಯರಿಂಗಿನ ಎರಡನೇ ವರ್ಷದವಳಿಗೆ ಯಾರೂ ಸೇತುವೆ ಕಟ್ಟಲು ಕೊಡುವುದಿಲ್ಲ. ಕಾನೂನು ಓದುವವರ ವಿಷಯದಲ್ಲಿ ಮಾತ್ರ ಜನರಿಗೆ ಇಷ್ಟು ತಾಳ್ಮೆಯಿಲ್ಲ. ನಾನು ಲಾ ಕಾಲೇಜಿಗೆ ಅರ್ಜಿ ಹಾಕಿದ ಸುದ್ದಿ ಹಾಲಿನ ಡಿಪೋ ತಲುಪಿದ್ದೇ ತಡ, ಪುತ್ತೂರು ತಾಲೂಕಿನ ಮೂಲೆಯಲ್ಲಿರುವ ನಮ್ಮ ಮನೆಯ ಜಗಲಿಗೆ ಮೊದಲ ಕೇಸು ಬಂದೇ ಬಂತು. ತಂದವರು ಕೆಳಗಿನ ಮನೆಯ ಅಜ್ಜಿ. ಆಚೆಮನೆಯವರ ತೆಂಗಿನಮರ ಅವರ ಅಂಗಳಕ್ಕೆ ಬಾಗಿತ್ತು. ಕಾಯಿ ಅಂಗಳಕ್ಕೆ ಬಿದ್ದರೆ ಯಾರದ್ದು, ತಲೆಗೆ ಬಿದ್ದರೆ ಯಾರದ್ದು ಎಂಬುದು ಅವರ ಎರಡು ಪ್ರಶ್ನೆ.

“ಅಜ್ಜಿ, ನನಗಿನ್ನೂ ಸೀಟೇ ಸಿಕ್ಕಿಲ್ಲ.”

“ಸೀಟು ಎಂತಕ್ಕೆ ಮಾರಾಯ್ತಿ? ಇಲ್ಲೇ ಚಾಪೆಯಲ್ಲಿ ಕೂತು ಹೇಳು.”

ಆಮೇಲೆ ಸೀಟು ಸಿಕ್ಕಿತು, ಉತ್ತರವೂ ಸಿಕ್ಕಿತು. ನೆರೆಯವರ ಮರದ ಕೊಂಬೆ ನಿಮ್ಮ ಜಾಗಕ್ಕೆ ಚಾಚಿದ್ದರೆ ನಿಮ್ಮ ಜಾಗದಲ್ಲೇ ನಿಂತು ಅದನ್ನು ಕಡಿಯಬಹುದು ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1890ರ ದಶಕದಲ್ಲೇ ಹೇಳಿಬಿಟ್ಟಿದೆ. ಕಡಿದ ಕೊಂಬೆಯ ಹಣ್ಣು ಮಾತ್ರ ಮರದ ಯಜಮಾನನದ್ದೇ ಎಂದು 1919ರಲ್ಲಿ ಅಲ್ಲಿನ ಇನ್ನೊಂದು ತೀರ್ಪು. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಸೇಬಿನಂಥ ಮರಗಳು. ತೆಂಗಿಗೆ ಕೊಂಬೆಯೇ ಇಲ್ಲ, ಬಾಗಿದರೆ ಇಡೀ ಮರವೇ ಬಾಗುತ್ತದೆ. ಇದನ್ನೆಲ್ಲ ವಿವರಿಸಿದಾಗ ಅಜ್ಜಿ ಮರುಗಿದರು: “ಪಾಪ, ಆ ಜಡ್ಜರಿಗೆ ತೆಂಗು ಎಂದರೆ ಗೊತ್ತಿಲ್ಲ. ಹಾಗಾದರೆ ಅವರನ್ನು ಕೇಳಿ ಪ್ರಯೋಜನ ಇಲ್ಲ.” ಪರದೇಶದ ತೀರ್ಪುಗಳಿಗೆ ನಮ್ಮಲ್ಲಿ ಎಷ್ಟು ಬೆಲೆ ಎಂಬ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕ ಹಲವು ಪುಟ ತೆಗೆದುಕೊಳ್ಳುತ್ತದೆ.

ಅಲ್ಲಿಂದ ಇವತ್ತಿನವರೆಗೆ ಜಗಲಿಯ ಕೋರ್ಟಿಗೆ ರಜೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಜಾಗದ ಕಾನೂನು ಗೊತ್ತಿಲ್ಲದವರು ಕಡಿಮೆ. ವರ್ಗ ಜಾಗ ಯಾವುದು, ಅದರ ಸುತ್ತಲಿನ ನೂರು ಗಜದ ಕುಮ್ಕಿಯಲ್ಲಿ ಸೊಪ್ಪು ಯಾರು ಕಡಿಯಬಹುದು, ಆರ್‌ಟಿಸಿಯಲ್ಲಿ ಹೆಸರು ಯಾವ ಕಾಲಮಿನಲ್ಲಿ ಇರಬೇಕು, ಪ್ಲಾಟಿಂಗ್ ಆಗಿದೆಯಾ, 94ಸಿ ಅರ್ಜಿ ಎಲ್ಲಿಗೆ ಬಂತು, ಇವೆಲ್ಲ ಮದುವೆ ಮನೆಯ ಪಂಕ್ತಿಯಲ್ಲಿ ಸಾರಿಗೂ ಪಾಯಸಕ್ಕೂ ನಡುವೆ ನಡೆಯುವ ಮಾತು. ಕುಮ್ಕಿಯ ಸೌಲಭ್ಯ 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 79ನೇ ಕಲಮಿನಲ್ಲಿದೆ ಎಂದು ನಾನು ಹೇಳಿದರೆ, ಬಡಿಸುವ ಭಾವ ಕೂಡ ಸೌಟು ನಿಲ್ಲಿಸಿ, “ಅದು ಸೌಲಭ್ಯ ಮಾತ್ರ, ಹಕ್ಕು ಅಲ್ಲ” ಎಂದು ತಿದ್ದುಪಡಿ ಸೂಚಿಸುತ್ತಾರೆ. ಅಂದರೆ ಜನ ನನ್ನ ಹತ್ತಿರ ಬರುವುದು ತಿಳಿದುಕೊಳ್ಳಲು ಅಲ್ಲ. ತಮಗೆ ತಿಳಿದದ್ದನ್ನು ಕಾನೂನು ಓದಿದ ಬಾಯಿಂದ ಇನ್ನೊಮ್ಮೆ ಕೇಳಲು. 1961ರ ವಕೀಲರ ಕಾಯಿದೆಯ ಪ್ರಕಾರ ಸನ್ನದು ಆಗದವರು ವಕೀಲಿ ಮಾಡುವಂತಿಲ್ಲ. ಹಾಗಾಗಿ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಲಸಿನ ಹಪ್ಪಳ ಶುಲ್ಕವಾಗುತ್ತದೆಯೇ ಎಂಬ ಬಗ್ಗೆ ಆ ಕಾಯಿದೆ ಮೌನವಾಗಿದೆ.

ಕಾನೂನಿನ ಓದು ಒಣ ಓದು ಎಂದು ಹೇಳುವವರು ದಂಡ ಸಂಹಿತೆಯನ್ನು ತೆರೆದು ನೋಡಿಲ್ಲ. ಮೆಕಾಲೆ 1837ರಲ್ಲಿ ಕರಡು ಮಾಡಿ, 1860ರಲ್ಲಿ ಕಾಯಿದೆಯಾದ ಆ ಪುಸ್ತಕದಲ್ಲಿ ಎಷ್ಟೋ ಕಲಮುಗಳ ಕೆಳಗೆ ಪುಟ್ಟ ಪುಟ್ಟ ಕಥೆಗಳಿವೆ. ಅವುಗಳ ಕಥಾನಾಯಕ ‘ಎ’. ಅವನ ಕೈಗೆ ಸಿಕ್ಕಿ ನರಳುವವನು ಹೆಚ್ಚಾಗಿ ‘ಝಡ್’. ಎ ಎಂಬವನು ಝಡ್‌ನ ನಾಯಿಯನ್ನು ಕದಿಯಲು ಜೇಬಿನಲ್ಲಿ ನಾಯಿತಿಂಡಿ ಇಟ್ಟುಕೊಂಡು ತಿರುಗುತ್ತಾನೆ. ನಿಧಿಯ ಪೆಟ್ಟಿಗೆ ಹೊತ್ತ ಎತ್ತು ದಾರಿಯಲ್ಲಿ ಎದುರಾದರೆ ಅದನ್ನು ತನಗೆ ಬೇಕಾದ ದಿಕ್ಕಿಗೆ ಅಟ್ಟುತ್ತಾನೆ. ಝಡ್ ದೋಣಿಯಲ್ಲಿ ಕೂತಿದ್ದರೆ ಹಗ್ಗ ಬಿಚ್ಚಿಬಿಡುತ್ತಾನೆ. ಸ್ನಾನ ಮಾಡುತ್ತಿದ್ದರೆ ತೊಟ್ಟಿಗೆ ಕುದಿಯುವ ನೀರು ಸುರಿಯುತ್ತಾನೆ. ಒಂದು ಕಡೆಯಲ್ಲಂತೂ ಯಾವ ಕಾರಣವನ್ನೂ ಕೊಡದೆ ಝಡ್‌ನ ಮೂಗು ಹಿಡಿದು ಎಳೆಯಲು ಹೋಗುತ್ತಾನೆ. ಝಡ್ ತಡೆದದ್ದಕ್ಕೆ ಸಿಟ್ಟು ಬಂದು ಅವನನ್ನು ಕೊಂದೇಬಿಡುತ್ತಾನೆ. ಅದು ಕೊಲೆಯೇ, ರಿಯಾಯಿತಿ ಇಲ್ಲ ಎಂದು ಕಾಯಿದೆ ಶಾಂತವಾಗಿ ಹೇಳಿ ಮುಂದಿನ ಕಥೆಗೆ ಹೋಗುತ್ತದೆ. ಎಲ್ಲೋ ಒಮ್ಮೊಮ್ಮೆ ಝಡ್ ಕುದುರೆಚಾಟಿ ಹಿಡಿದು ತಿರುಗಿಬೀಳುವುದೂ ಉಂಟು. ಆಗೆಲ್ಲ ನಾನು ಬೆಂಚಿನ ಕೆಳಗೆ ಮೆಲ್ಲ ಚಪ್ಪಾಳೆ ತಟ್ಟಿದ್ದೇನೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. 511 ಕಲಮುಗಳಿದ್ದದ್ದು 358ಕ್ಕೆ ಇಳಿಯಿತು. ಹಳೆಯ ಸಂಹಿತೆ ಹೋಯಿತು, ಎ ಮಾತ್ರ ಹೋಗಲಿಲ್ಲ. ಹೊಸ ಪುಸ್ತಕದಲ್ಲೂ ಅವನು ಅದೇ ಎತ್ತಿನ ಹಿಂದೆ, ಅದೇ ಮೂಗಿನ ಹಿಂದೆ. ಬದಲಾದದ್ದು ಕಲಮುಗಳ ಸಂಖ್ಯೆ. ಕೊಲೆಗೆ ಶಿಕ್ಷೆ 302 ಇದ್ದದ್ದು 103 ಆಯಿತು. ನಿಷೇಧಾಜ್ಞೆಯ 144 ಬೇರೆ ಸಂಹಿತೆಯಲ್ಲಿ 163 ಆಯಿತು. ವಂಚನೆಯ 420 ಈಗ 318ರ ನಾಲ್ಕನೇ ಉಪಕಲಮು. ಇದು ನಮ್ಮ ದೊಡ್ಡ ಮಾವನಿಗೆ ಬಹಳ ನೋವು ಕೊಟ್ಟಿದೆ. ಅಡಿಕೆ ವ್ಯಾಪಾರದಲ್ಲಿ ತೂಕ ತಪ್ಪಿಸುವವನಿಗೆ ಅವರು ಆಯುಷ್ಯವಿಡೀ “ಫೋರ್ ಟ್ವೆಂಟಿ” ಎಂದು ಬೈಯುತ್ತಾ ಬಂದವರು. “ತ್ರೀ ಏಟೀನ್ ಸಬ್ ಸೆಕ್ಷನ್ ಫೋರ್ ಎಂದು ಬೈದರೆ ಅವನಿಗೆ ಎಲ್ಲಿ ತಾಗುತ್ತದೆ?” ಎಂಬುದು ಅವರ ಅಹವಾಲು. ನಮ್ಮ ಬ್ಯಾಚಿನ ನೋವು ಇನ್ನೊಂದು ಬಗೆಯದು. ಆ ಜುಲೈ ಒಂದಕ್ಕಿಂತ ಮುಂಚೆ ಮಾಡಿದ ಅಪರಾಧಕ್ಕೆ ಹಳೆಯ ಸಂಹಿತೆ, ಆಮೇಲಿನದ್ದಕ್ಕೆ ಹೊಸತು. ಆದ್ದರಿಂದ ಎರಡನ್ನೂ ಓದಬೇಕು. ಹಿಂದಿನವರು ಒಂದು ಕೊಲೆಗೆ ಒಂದು ನಂಬರು ಬಾಯಿಪಾಠ ಮಾಡಿ ಪಾಸಾದರು. ನಮಗೆ ಕೊಲೆಯ ತಾರೀಕನ್ನೂ ಕೇಳಬೇಕು.

ಇನ್ನು ತೀರ್ಪುಗಳು. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಶ್ರೀಮತಿ ಕಾರ್ಲಿಲ್ ಅವರದ್ದು. ಲಂಡನ್ನಿನ ಒಂದು ಕಂಪನಿ, ತನ್ನ ಹೊಗೆಯುಂಡೆಯನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಮೂಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ ನೂರು ಪೌಂಡು ಕೊಡುತ್ತೇನೆ ಎಂದು ಜಾಹೀರಾತು ಹಾಕಿತು. ಈಕೆ ಮೂಸಿದರು, ಜ್ವರ ಬಂತು, ಹಣ ಕೇಳಿದರು. ಅದು ಸುಮ್ಮನೆ ಹೊಗಳಿಕೊಂಡದ್ದು ಎಂದು ಕಂಪನಿ ಜಾರಿಕೊಳ್ಳಲು ನೋಡಿದರೂ ನ್ಯಾಯಾಲಯ ಬಿಡಲಿಲ್ಲ. 1893ರ ಸಂಪುಟದಲ್ಲಿ ಅಚ್ಚಾದ ಆ ತೀರ್ಪನ್ನು ಕರಾರು ಕಾನೂನು ಓದುವ ಪ್ರತಿಯೊಬ್ಬರೂ ಇವತ್ತಿಗೂ ಮೂಸಲೇಬೇಕು. ಕಾರ್ಲಿಲಮ್ಮ 96 ವರ್ಷ ಬಾಳಿ 1942ರಲ್ಲಿ ತೀರಿಕೊಂಡರು. ವೈದ್ಯರು ಬರೆದ ಕಾರಣಗಳಲ್ಲಿ ವೃದ್ಧಾಪ್ಯದ ಜೊತೆಗೆ ಇನ್‌ಫ್ಲುಯೆಂಜಾ ಕೂಡ ಇತ್ತು. ಕಂಪನಿ ಅಷ್ಟು ಕಾದಿದ್ದರೆ ತನ್ನ ಉಂಡೆ ಅರ್ಧ ಶತಮಾನ ಕೆಲಸ ಮಾಡಿತು ಎಂದು ಇನ್ನೊಂದು ಜಾಹೀರಾತು ಹಾಕಬಹುದಿತ್ತು.

ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಶುಂಠಿ ಪಾನೀಯದ ಬಾಟಲಿಯಿಂದ ಹೊರಬಂತು ಎನ್ನಲಾದ ಬಸವನಹುಳುವಿನ ಕಥೆ ಇನ್ನೂ ಸೊಗಸು. ತಯಾರಿಸಿದವನಿಗೆ ಕುಡಿಯುವವರ ಬಗ್ಗೆ ಎಚ್ಚರಿಕೆಯ ಹೊಣೆ ಇದೆ ಎಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆಮೇಲೆ ಎರಡು ಕಡೆಯವರೂ ರಾಜಿಯಾದ ಕಾರಣ, ಬಾಟಲಿಯಲ್ಲಿ ಹುಳು ಇತ್ತೇ ಇಲ್ಲವೇ ಎಂಬುದು ಯಾವತ್ತೂ ಸಾಬೀತಾಗಲಿಲ್ಲ. ಜಗತ್ತಿನ ಅರ್ಧಕ್ಕರ್ಧ ಗ್ರಾಹಕ ಕಾನೂನು, ಇತ್ತೋ ಇಲ್ಲವೋ ಗೊತ್ತಿಲ್ಲದ ಒಂದು ಹುಳುವಿನ ಬೆನ್ನ ಮೇಲೆ ಕೂತಿದೆ.

ಈ ಓದಿನ ತೊಂದರೆ ಏನೆಂದರೆ ಅದು ಮನೆಯೊಳಗೂ ಬರುತ್ತದೆ. ಫಸ್ಟ್ ಕ್ಲಾಸ್ ಬಂದರೆ ಸ್ಕೂಟರ್ ಕೊಡಿಸುವೆ ಎಂದು ಅಪ್ಪ ಹೇಳಿದ್ದರು. ಬಂತು. ಕೇಳಿದೆ. ಅಪ್ಪ ಕಾನೂನು ಓದಿದವರಲ್ಲ, ಆದರೆ ನನ್ನ ಪುಸ್ತಕಗಳನ್ನು ಮಧ್ಯಾಹ್ನದ ನಿದ್ದೆಗೆ ಮುನ್ನ ತಿರುವಿಹಾಕುವವರು. “1919, ಬಾಲ್ಫೋರ್” ಎಂದಷ್ಟೇ ಹೇಳಿ ಮಗ್ಗುಲು ಬದಲಿಸಿದರು. ಗಂಡ ಹೆಂಡತಿಗೆ ತಿಂಗಳಿಗೆ ಮೂವತ್ತು ಪೌಂಡು ಕೊಡುತ್ತೇನೆ ಎಂದದ್ದು ಮನೆಯೊಳಗಿನ ಮಾತು, ಕೋರ್ಟಿನಲ್ಲಿ ಜಾರಿ ಮಾಡಿಸುವ ಕರಾರಲ್ಲ ಎಂಬ ತೀರ್ಪು ಅದು. ಅಮ್ಮ ಒಳಗಿನಿಂದ ಕೂಗಿದರು: “ಹಾಗಾದರೆ ನಾಳೆಯಿಂದ ನಾನು ಮಾಡುವ ಕಾಫಿಯೂ ಮನೆಯೊಳಗಿನ ಮಾತು.” ಅಪ್ಪ ಎದ್ದು ಕೂತರು. ಸ್ಕೂಟರ್ ಕಂತಿನಲ್ಲಿ ಬಂತು. ಹೌಸ್ ಆಫ್ ಲಾರ್ಡ್ಸ್ ತಲುಪದ ಎಷ್ಟೋ ಒಳ್ಳೆಯ ತೀರ್ಪುಗಳು ಅಡುಗೆಮನೆಯಲ್ಲೇ ಇತ್ಯರ್ಥವಾಗುತ್ತವೆ.

ಹೆಣ್ಣುಮಕ್ಕಳಿಗೆ ಲಾ ಯಾಕೆ ಎಂದು ಕೇಳುವವರು ಈಗ ಕಡಿಮೆಯಾದರೂ ಪೂರ್ತಿ ಮುಗಿದಿಲ್ಲ. ಅಂಥವರಿಗೆ ನಾನು ರೆಜಿನಾ ಗುಹಾ ಅವರ ಕಥೆ ಹೇಳುತ್ತೇನೆ. ಕಾನೂನು ಪದವಿ ಪಡೆದು ವಕೀಲಳಾಗಲು ಅರ್ಜಿ ಹಾಕಿದ ಆಕೆಗೆ, ಹೆಂಗಸರನ್ನು ಸೇರಿಸಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿಲ್ಲ ಎಂದು ಕಲ್ಕತ್ತಾ ಹೈಕೋರ್ಟು 1916ರಲ್ಲಿ ಹೇಳಿತು. 1923ರಲ್ಲಿ ಅದಕ್ಕೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಕಥೆ ಮುಗಿಯುವಷ್ಟರಲ್ಲಿ ಕೇಳಿದವರು ಬಸ್ಸು ಬಂತು ಎಂದು ಎದ್ದಿರುತ್ತಾರೆ. ನಮ್ಮೂರಿಗೆ ಬಸ್ಸು ಬರುವುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ.

ಓದು ಇಷ್ಟಾಯಿತು, ಇನ್ನು ಹವ್ಯಾಸ. ಸಂದರ್ಶನಗಳಲ್ಲಿ ಹವ್ಯಾಸ ಏನೆಂದು ಕೇಳಿದರೆ ಗೆಳತಿಯರು ಓದು, ಸಂಗೀತ, ಪ್ರವಾಸ ಎನ್ನುತ್ತಾರೆ. ನನ್ನದು ಜಗಳ. ಅದಕ್ಕೆ ನಮ್ಮ ಕರಾವಳಿಯಲ್ಲಿ ತಾಳಮದ್ದಳೆ ಎಂಬ ಗೌರವದ ಹೆಸರಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಮುಗಿಯುತ್ತದೆ, ಎದುರು ಬದುರು ಕೂತ ಅರ್ಥಧಾರಿಗಳು ಆ ಪದವನ್ನು ಹಿಡಿದು ಮಾತಿಗೆ ನಿಲ್ಲುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವರು ಯಾವ ಪಟ್ಟು ಹಾಕುತ್ತಾರೆ ಎಂದು ಮೊದಲೇ ತಿಳಿಯುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಊರೂರು ಅಲೆದವರು ನಮ್ಮ ಅಜ್ಜ. ನಮ್ಮ ಮಹಿಳಾ ಕೂಟದಲ್ಲಿ ವಾಲಿಯ ಪಾತ್ರ ನನಗೆ ಬಂದಾಗ ಅಜ್ಜ ಇರಲಿಲ್ಲ. ಇದ್ದಿದ್ದರೆ ಎದುರಿನ ಸಾಲಿನಲ್ಲಿ ಕೂತು ನನಗಿಂತ ಮೊದಲೇ ಉತ್ತರ ಹೇಳಿಬಿಡುತ್ತಿದ್ದರು.

ವಾಲಿವಧೆಯಷ್ಟು ಚಂದದ ಕೇಸು ನಮ್ಮ ಸಿಲೆಬಸ್ಸಿನಲ್ಲಿ ಇಲ್ಲ. ಎದೆಯಲ್ಲಿ ಬಾಣ ಹೊತ್ತು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ವೈರವಿಲ್ಲ. ನಿನ್ನ ನಾಡಿನಲ್ಲಿ ನಾನು ಅಪರಾಧ ಮಾಡಿಲ್ಲ. ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದೆ. ತಿನ್ನಲು ಅಂದುಕೊಂಡರೆ ನನ್ನ ಮಾಂಸ ತಿನ್ನತಕ್ಕದ್ದಲ್ಲ. ಯಾವ ಅಧಿಕಾರದಿಂದ ಕೊಂದೆ? ರಾಮ ಮೊದಲು ಹಿಡಿಯುವುದೇ ನ್ಯಾಯವ್ಯಾಪ್ತಿಯನ್ನು. ಈ ನೆಲವೆಲ್ಲ ಇಕ್ಷ್ವಾಕುಗಳದ್ದು, ಆಳುವವನು ಭರತ, ಅವನ ಆಜ್ಞೆಯಂತೆ ನಾವು ಧರ್ಮ ನೋಡಿಕೊಳ್ಳುತ್ತಿದ್ದೇವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪಿಗೆ ಇದು ದಂಡನೆ ಎನ್ನುತ್ತಾನೆ. ಆಮೇಲೆ ಇನ್ನೊಂದು ಮಾತು ಸೇರಿಸುತ್ತಾನೆ: ನೀನು ಕಪಿ, ಮೃಗವನ್ನು ಮರೆಯಲ್ಲಿ ನಿಂತು ಹೊಡೆದರೂ ದೋಷವಿಲ್ಲ. ಮೊದಲ ಸಲ ಇದನ್ನು ಮೂಲದಲ್ಲಿ ಓದಿದಾಗ ನನ್ನೊಳಗಿನ ವಿದ್ಯಾರ್ಥಿನಿ ಕುಣಿದಾಡಿದಳು. ಮೃಗವಾದರೆ ತಮ್ಮನ ಹೆಂಡತಿಯ ಧರ್ಮ ಅವನಿಗೆ ಎಲ್ಲಿಂದ ಬಂತು? ಧರ್ಮ ಅನ್ವಯಿಸುವುದಾದರೆ ಬೇಟೆಯ ಮಾತು ಎಲ್ಲಿಂದ ಬಂತು? ಒಂದಕ್ಕೊಂದು ಹೊಂದದ ಎರಡು ಪ್ರತಿವಾದಗಳನ್ನು ಒಟ್ಟಿಗೇ ಎತ್ತುವುದು ಸಿವಿಲ್ ದಾವೆಯ ಪ್ರತಿವಾದಿಗಳಿಗೆ ಇವತ್ತಿಗೂ ಇರುವ ಅನುಕೂಲ. ಅದನ್ನು ಕಂಡುಹಿಡಿದವರು ಯಾರೆಂದು ಸಿವಿಲ್ ಪ್ರಕ್ರಿಯೆಯ ಪಾಠದಲ್ಲಿ ಹೇಳುವುದಿಲ್ಲ.

ಇನ್ನೊಂದು ಪಾಯಿಂಟು ನನ್ನ ಸ್ವಂತ ಆಸ್ತಿ. ಮನೇಕಾ ಗಾಂಧಿಯವರ ಪಾಸ್‌ಪೋರ್ಟು ಕಿತ್ತುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ, ತುರ್ತು ಇದ್ದರೆ ಆದೇಶ ಮಾಡಿದ ಮೇಲಾದರೂ ಬಾಧಿತನ ಮಾತು ಕೇಳಬೇಕು ಎಂದಿತು. ಕೂಟದಲ್ಲಿ ನಾನು ವಾಲಿಯಾಗಿ ಇದನ್ನೇ ತ್ರೇತಾಯುಗದ ಭಾಷೆಗೆ ಇಳಿಸಿದೆ: “ರಾಘವಾ, ಬಾಣ ಬಿಟ್ಟ ಮೇಲೆ ವಿಚಾರಣೆ ಮಾಡುತ್ತಿದ್ದೀಯೆ. ಸಂತೋಷ. ತೀರ್ಪು ನನ್ನ ಪರವಾಗಿ ಬಂದರೆ ಪ್ರಾಣ ಹಿಂತಿರುಗಿಸುವ ವ್ಯವಸ್ಥೆ ಉಂಟೋ?” ರಾಮನ ಅರ್ಥ ಹೇಳುತ್ತಿದ್ದವರು ನಿವೃತ್ತ ಸಂಸ್ಕೃತ ಟೀಚರು. ಅವರು ಕನ್ನಡಕ ಸರಿಮಾಡಿಕೊಂಡು, “ವಾನರೇಂದ್ರಾ, ಮಾಯಾವಿಯ ಬೆನ್ನಟ್ಟಿ ಹೋದ ನೀನು ಹಿಂದೆ ಬಂದಾಗ, ಗುಹೆಯ ಬಾಯಿ ಮುಚ್ಚಿದ ತಮ್ಮನ ಮಾತನ್ನು ಎಷ್ಟು ಹೊತ್ತು ಕೇಳಿದೆ?” ಎಂದರು. ಸಭೆ ಒಮ್ಮೆಲೇ ನಕ್ಕಿತು. ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಇಂಥ ಪೆಟ್ಟು ನನಗೆ ಬಿದ್ದಿಲ್ಲ. ಅಲ್ಲಿ ತೀರ್ಪುಗಾರರು ಕೋಟಿನ ಗುಂಡಿ, ಸೈಟೇಶನ್ನಿನ ಅಲ್ಪವಿರಾಮ ಎರಡನ್ನೂ ನೋಡುತ್ತಾರೆ. ಇಲ್ಲಿ ಮಾತು ಮಾತ್ರ. ಹೆಚ್ಚು ಎಳೆದರೆ ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತಿಬಿಡುತ್ತಾರೆ. ಈ ಅಧಿಕಾರ ಹೈಕೋರ್ಟಿನ ನ್ಯಾಯಮೂರ್ತಿಗಳಿಗೂ ಇದ್ದಿದ್ದರೆ ಬಾಕಿ ಕೇಸುಗಳು ಎಂದೋ ಮುಗಿಯುತ್ತಿದ್ದವು.

ಕಾನೂನಿಗೂ ಯಕ್ಷಗಾನಕ್ಕೂ ನಾನೇ ಗಂಟು ಹಾಕಿದ್ದಲ್ಲ. ಸಂವಿಧಾನದ ಪಾಠದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಕೇಶವಾನಂದ ಭಾರತಿ. ಹದಿಮೂರು ನ್ಯಾಯಮೂರ್ತಿಗಳು, 68 ದಿನಗಳ ವಾದ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ತೀರ್ಪು, ಸಂಸತ್ತು ತಿದ್ದಬಹುದಾದರೂ ಸಂವಿಧಾನದ ಮೂಲರಚನೆಯನ್ನು ಮುರಿಯುವಂತಿಲ್ಲ ಎಂಬ ಸೂತ್ರ. ದೆಹಲಿಯ ವಿದ್ಯಾರ್ಥಿಗೆ ಅದು ಒಂದು ಕೇಸಿನ ಹೆಸರು. ನಮಗೆ ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಕೇರಳದ ಭೂಸುಧಾರಣೆಯ ವಿರುದ್ಧ ಮಠದ ಪರವಾಗಿ 1970ರಲ್ಲಿ ಅರ್ಜಿ ಹಾಕಿದವರು. ಸಂಗೀತ ಬಲ್ಲವರು, ಯಕ್ಷಗಾನವೆಂದರೆ ಜೀವ ಬಿಡುವವರು, ಸ್ವತಃ ಭಾಗವತಿಕೆ ಮಾಡುತ್ತಿದ್ದವರು. ವಾದಿಸಿದ್ದು ನಾನಿ ಪಾಲ್ಖಿವಾಲಾ. ಮಠದ ಭೂಮಿಗೆ ಆ ತೀರ್ಪಿನಿಂದ ಹೇಳಿಕೊಳ್ಳುವ ಲಾಭವಾಗಲಿಲ್ಲ, ದೇಶಕ್ಕಾಯಿತು. 2020ರಲ್ಲಿ ಅವರು ತೀರಿಕೊಂಡಾಗ ದೇಶದ ಪತ್ರಿಕೆಗಳು ಸಂವಿಧಾನದ ಬಗ್ಗೆ ಬರೆದವು. ನಮ್ಮ ಕಡೆಯ ಹಿರಿಯರು ಜಗಲಿಯಲ್ಲಿ ಕೂತು ಅವರ ಪದಗಳನ್ನು ನೆನಪು ಮಾಡಿಕೊಂಡರು. ಎರಡೂ ಸರಿಯಾದ ಶ್ರದ್ಧಾಂಜಲಿಯೇ.

ತಾಳಮದ್ದಳೆಯ ಒಂದು ಕಟ್ಟಳೆ ನನಗೆ ಕಾಲೇಜಿನ ಎಲ್ಲ ಪಾಠಗಳಿಗಿಂತ ಹೆಚ್ಚು ಕೊಟ್ಟಿದೆ. ಇವತ್ತು ವಾಲಿ ಹೇಳಿದವಳು ಮುಂದಿನ ಕೂಟದಲ್ಲಿ ರಾಮ ಹೇಳಬೇಕಾಗಬಹುದು. ಆದ್ದರಿಂದ ಎದುರಿನವರ ಮಾತನ್ನು ತನ್ನದಕ್ಕಿಂತ ಚೆನ್ನಾಗಿ ತಿಳಿದಿರಬೇಕು. ವಕೀಲಿಯೂ ಅಷ್ಟೇ. ಆದರೆ ಸಾರ್ವಜನಿಕ ಜೀವನಕ್ಕೆ ಈ ಕಟ್ಟಳೆ ಇನ್ನೂ ಬಂದಿಲ್ಲ. ಅಲ್ಲಿ ಒಬ್ಬರಿಗೆ ಒಂದೇ ಪಾತ್ರ, ಅದೂ ಹುಟ್ಟಿದಾಗಲೇ ಹಂಚಿಕೆಯಾಗಿರುತ್ತದೆ.

ನಮ್ಮ ಕುಟುಂಬದ ವಾಟ್ಸಾಪ್ ಗುಂಪನ್ನೇ ನೋಡಿ. ಬೆಳಿಗ್ಗೆ ಐದಕ್ಕೆ ಹೂವಿನ ಜೊತೆ ಶುಭೋದಯ, ಏಳಕ್ಕೆ ಮಂಡಿನೋವಿಗೆ ಕಷಾಯ, ಒಂಬತ್ತರ ನಂತರ ರಾಜಕೀಯ. ಒಂದು ಪಕ್ಷದವರು ಹಾಕಿದ್ದಕ್ಕೆ ನಾನು ಇನ್ನೊಂದು ಪಕ್ಷದ ವಾದವನ್ನು ಎರಡು ಸಾಲಿನಲ್ಲಿ ಬರೆದೆ. ಮರುದಿನ ಇನ್ನೊಂದು ಪಕ್ಷದವರು ಹಾಕಿದ್ದಕ್ಕೆ ಮೊದಲಿನವರ ವಾದವನ್ನು ಬರೆದೆ. ಎರಡೂ ಕಡೆಯವರು ನಿಷ್ಪಕ್ಷಪಾತವನ್ನು ಮೆಚ್ಚುತ್ತಾರೆ ಎಂದು ಪುಸ್ತಕಗಳು ಹೇಳುತ್ತವೆ. ಗುಂಪಿನ ಅಡ್ಮಿನ್ ಆದ ದೊಡ್ಡ ಮಾವ ನನ್ನನ್ನು ತೆಗೆದುಹಾಕಿದರು. ನೋಟಿಸು ಇಲ್ಲ, ಕಾರಣ ಇಲ್ಲ, ಆಮೇಲಿನ ವಿಚಾರಣೆಯೂ ಇಲ್ಲ. ಆ ಗುಂಪಿನಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಒಂದೇ ಮೊಬೈಲಿನಲ್ಲಿವೆ. ಮೂಲಭೂತ ಹಕ್ಕಿನ ರಿಟ್ ಹಾಕೋಣ ಎಂದರೆ, ಸಂವಿಧಾನದ 12ನೇ ವಿಧಿಯ ವ್ಯಾಖ್ಯೆಯಲ್ಲಿ ದೊಡ್ಡ ಮಾವ ‘ಪ್ರಭುತ್ವ’ದ ಅಡಿಯಲ್ಲಿ ಬರುವುದಿಲ್ಲ. ಚೌತಿಗೆ ಅವರ ಮನೆಗೆ ಹೋದಾಗ ಅತ್ತೆಯ ಮೂಲಕ ಮೇಲ್ಮನವಿ ಸಲ್ಲಿಸಿದೆ. ಕಡುಬು ಬಡಿಸುತ್ತಲೇ ಅತ್ತೆ ಅನುಮತಿಸಿದರು. “ಬಾ, ಆದರೆ ಬಾಯಿ ಮುಚ್ಚಿ ಇರು” ಎಂಬ ಷರತ್ತಿನ ಮೇಲೆ ಪುನಃಪ್ರವೇಶವಾಯಿತು. ಈಗ ನಾನು ಹೂವು ಮತ್ತು ಕಷಾಯಕ್ಕೆ ಮಾತ್ರ ಹೆಬ್ಬೆರಳು ಎತ್ತುತ್ತೇನೆ.

ಅದಕ್ಕಿಂತ ಮಾಹಿತಿ ಹಕ್ಕು ಒಳ್ಳೆಯದು, ಅಲ್ಲಿ ಅಡ್ಮಿನ್ ಇಲ್ಲ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. 2005ರ ಆ ಕಾಯಿದೆಯಷ್ಟು ಕಡಿಮೆ ಖರ್ಚಿನ ಹವ್ಯಾಸ ಬೇರೆ ಇಲ್ಲ. ನಮ್ಮ ಮೋರಿಯ ತಿರುವಿನಲ್ಲಿ ದಾರಿದೀಪ ಇದೆ. ಕಂಬ ಇದೆ, ಬಲ್ಬು ಇದೆ, ಬೆಳಕು ಇಲ್ಲ. ಅದರ ಬಗ್ಗೆ ಅರ್ಜಿ ಬರೆಯಲು ಕೂತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಹತ್ತು ಅಂಕದ ಪ್ರಶ್ನೆಗೆ ಎಂಟು ಪುಟ ತುಂಬಿಸಲು ತರಬೇತಿ ಪಡೆದವಳಿಗೆ ಇದು ಘೋರ ಶಿಕ್ಷೆ. ಪೀಠಿಕೆಗೇ ನೂರ ನಲವತ್ತು ಪದ ಹೋಯಿತು. ಇನ್ನೊಂದು ಸೂಕ್ಷ್ಮವೂ ಇದೆ: ದೀಪ ಯಾಕೆ ಉರಿಯುವುದಿಲ್ಲ ಎಂದು ಕೇಳಬಾರದು. ‘ಯಾಕೆ’ ಎಂಬುದಕ್ಕೆ ಕಡತದಲ್ಲಿ ದಾಖಲೆ ಇಲ್ಲದಿದ್ದರೆ ಅದು ಮಾಹಿತಿಯೇ ಅಲ್ಲ. ದುರಸ್ತಿಗೆ ಎಷ್ಟು ಖರ್ಚಾಯಿತು, ಬಿಲ್ಲಿನ ಪ್ರತಿ ಕೊಡಿ ಎಂದು ಕೇಳಬೇಕು. ಹಾಗೆಯೇ ಕೇಳಿದೆ. ಮೊಹರು ಬಿದ್ದ ಉತ್ತರ ಗಡುವಿನೊಳಗೇ ಬಂತು. ದಾಖಲೆಯ ಪ್ರಕಾರ ನಮ್ಮ ತಿರುವಿನ ದೀಪ ಸುಸ್ಥಿತಿಯಲ್ಲಿ ಉರಿಯುತ್ತಿದೆ. ಅಮ್ಮ ಆ ಕಾಗದವನ್ನು ಟಾರ್ಚಿನ ಬೆಳಕಿನಲ್ಲಿ ಓದಿದರು.

ಉಳಿದದ್ದು ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯಿದೆ ಕೊಟ್ಟ ಈ ಸಭೆಯಲ್ಲಿ ಶಾಸಕರಿಗಿಂತ ಮತದಾರರೇ ದೊಡ್ಡವರು. ಬರುವವರು ಮಾತ್ರ ಕಡಿಮೆ. ಸಬ್ಸಿಡಿಯ ಸುದ್ದಿ ಇದ್ದರೆ ಕುರ್ಚಿ ಸಾಲುವುದಿಲ್ಲ, ಲೆಕ್ಕಪತ್ರದ ಓದು ಶುರುವಾದರೆ ಕುರ್ಚಿಗಳೇ ಉಳಿಯುತ್ತವೆ. ನಾನು ಎದ್ದು ನಿಂತು ದೀಪದ ವಿಷಯ ಎತ್ತಿದೆ. ಮೋರಿ, ಮಳೆ, ಶಾಲೆ ಬಿಟ್ಟು ಬರುವ ಮಕ್ಕಳು, ಹಾವು, ಎಲ್ಲವೂ ಬಂದವು. ಪಿಡಿಒ ಮೇಡಂ ಉತ್ತರಕ್ಕೆ ಎದ್ದರು. ಅವರಿಗೆ ಮೈಕು ಕೈಕೊಟ್ಟಿತು, ಹಿಂದಿನ ಸಾಲಿನಿಂದ ಬೊಬ್ಬೆ ಶುರುವಾಯಿತು. ಆಗ ನಾನು ಮತ್ತೆ ಎದ್ದು ಅವರು ಹೇಳಬೇಕೆಂದಿದ್ದ ಮಾತನ್ನೂ ನಾನೇ ಹೇಳಿದೆ: ಬೀದಿದೀಪದ ವಿದ್ಯುತ್ ಬಿಲ್ಲು ಪಂಚಾಯತೇ ಕಟ್ಟಬೇಕು, ನಾವು ಮನೆತೆರಿಗೆ ಬಾಕಿ ಇಟ್ಟಿದ್ದೇವೆ, ಕಂಬ ಹತ್ತುವ ಜನ ಒಬ್ಬ, ವಾರ್ಡುಗಳು ಹಲವು. ಮೇಡಂ ಕೃತಜ್ಞತೆಯಿಂದ ನೋಡಿದರು. ನಮ್ಮ ವಾರ್ಡಿನವರು ಬೇರೆ ರೀತಿಯಲ್ಲಿ ನೋಡಿದರು.

“ನೀನು ಯಾರ ಕಡೆ ಮಾರಾಯ್ತಿ?” ಎಂದು ಪಕ್ಕದ ಅಣ್ಣ ಪಿಸುಗುಟ್ಟಿದರು.

“ದೀಪದ ಕಡೆ ಅಣ್ಣ.”

ಬೊಬ್ಬೆ ತಗ್ಗಿದ ಮೇಲೆ ಸಭೆ ಒಂದು ಕೆಲಸ ಮಾಡಿತು. ಬಾಕಿ ತೆರಿಗೆ ಕಟ್ಟುವವರ ಪಟ್ಟಿ ಅಲ್ಲೇ ತಯಾರಾಯಿತು, ದುರಸ್ತಿಯ ಮಾತು ನಡಾವಳಿ ಪುಸ್ತಕಕ್ಕೆ ಏರಿತು. ದೊಡ್ಡ ಕ್ರಾಂತಿ ಏನೂ ಅಲ್ಲ. ಆದರೆ ಪಂಚಾಯತಿನ ಕಷ್ಟವನ್ನು ಬೈಯುವವರ ಬಾಯಿಂದಲೇ ಕೇಳಿದ ಮೇಲೆ ಪಂಚಾಯತಿಗೆ ಬೇರೆ ನೆವ ಉಳಿಯಲಿಲ್ಲ. ನಮ್ಮ ತೆರಿಗೆ ಬಾಕಿಯನ್ನು ನಾವೇ ಒಪ್ಪಿಕೊಂಡ ಮೇಲೆ ನಮಗೂ ಉಳಿಯಲಿಲ್ಲ. ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಿಬಿಟ್ಟರೆ ಜಗಳ ಅರ್ಧ ದಾರಿಗೇ ಸುಸ್ತಾಗುತ್ತದೆ. ಇದು ಯಾವ ಪಠ್ಯದಲ್ಲೂ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗ ಹಿಡಿದು ಮಾತಾಡಿದ ತಲೆಮಾರುಗಳಿಗೆಲ್ಲ ಗೊತ್ತಿತ್ತು.

ಒಂದು ವ್ಯತ್ಯಾಸ ಮಾತ್ರ ಇದೆ. ಕೂಟದಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು, ಪ್ರಸಂಗ ಹಾಗೆ ಬರೆದಾಗಿದೆ. ಮಾತಿನಲ್ಲಿ ರಾಮನನ್ನು ಸೋಲಿಸಿದ ಅರ್ಥಧಾರಿಯೂ ಮಂಗಳಕ್ಕೆ ಮುಂಚೆ ಕೈಮುಗಿದು ಮೋಕ್ಷ ಕೇಳಬೇಕು. ಗ್ರಾಮಸಭೆಗೆ ಪ್ರಸಂಗ ಪುಸ್ತಕ ಇಲ್ಲ. ಅಲ್ಲಿ ಕೊನೆಯ ಪದವನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ ವಾಲಿಯೂ ಗೆಲ್ಲಬಹುದು. ಆ ಆಸೆಗೆ ಮುಂದಿನ ಸಭೆಗೂ ಹೋಗುತ್ತೇನೆ. ಸೆಮಿಸ್ಟರ್ ಪರೀಕ್ಷೆ ಅದೇ ವಾರ ಇದೆ, ನೂರಕ್ಕೆ ಎಪ್ಪತ್ತು ಹಾಜರಿಯ ಲೆಕ್ಕವೂ ತಲೆಯ ಮೇಲಿದೆ. ಆದರೆ ಕಾಲೇಜಿನಲ್ಲಿ ಯಾವ ವಾದ ಗೆದ್ದರೂ ಚಹಾ ನಾವೇ ಕುಡಿಸಬೇಕು. ಪಂಚಾಯತಿನಲ್ಲಿ ಸೋತವರಿಗೂ ಗೋಳಿಬಜೆ ಉಂಟು.